ಬಂದೂಕು ಲೈಸೆನ್ಸ್ ವಾದ: ಬಾಯಿಗೆ ಬಂದ ಅಂಕಿ ಯಾವುದು, ಅಸಲಿ ಲೆಕ್ಕ ಯಾವುದು?

ಸಿಂಧನೂರು/ಲಿಂಗಸುಗೂರು/ಮಸ್ಕಿ: ಚುನಾವಣೆ ಘೋಷಣೆ ಆಯ್ತು ಅಂದ್ರೆ ಲೈಸೆನ್ಸ್ ಗನ್ ಇರುವವರಿಗೆ ಠಾಣೆಯಿಂದ ಕರೆ ಬರುತ್ತೆ. 'ಗನ್ ತಂದು ಡೆಪಾಸಿಟ್ ಮಾಡ್ರಿ, ರಸೀದಿ ತಗೊಂಡು ಹೋಗ್ರಿ.' ಅಕ್ಕಿ ಗಿರಣಿ ಮಾಲೀಕರು, ಬಂಗಾರದ ಅಂಗಡಿಯವರು, ದೊಡ್ಡ ಹೊಲದವರು ಬಂದೂಕು ಹಿಡಿದು ಠಾಣೆ ಮೆಟ್ಟಿಲು ಹತ್ತುತ್ತಾರೆ. ಫಲಿತಾಂಶ ಬಂದು ವಾರ ಕಳೆದ ಮೇಲೆ ವಾಪಸ್. ಅಲ್ಲಿಯವರೆಗೆ ಚಹಾದಂಗಡಿ ಮುಂದೆ ಒಂದೇ ಮಾತು: 'ಲೈಸೆನ್ಸ್ ಇದ್ದವನ ಗನ್ ಠಾಣ್ಯಾಗ, ಲೈಸೆನ್ಸ್ ಇಲ್ಲದವನ ಗನ್ ಸೊಂಟದಾಗ. ಇದ್ಯಾವ ನ್ಯಾಯ ರೀ?'

ಈ ಮಾತಿಗೆ ಬಿಸಿ ಏರಿದ್ದು 2025ರ ಜನವರಿಯಲ್ಲಿ. ಆ ತಿಂಗಳ 16ರಂದು ಬೀದರ್‌ನಲ್ಲಿ ಹಾಡಹಗಲೇ ಎಟಿಎಂಗೆ ಹಣ ತುಂಬಲು ಬಂದ ಸಿಬ್ಬಂದಿ ಮೇಲೆ ಖಾರದಪುಡಿ ಎರಚಿ, ಗುಂಡು ಹಾರಿಸಿ, ಹಣದ ಪೆಟ್ಟಿಗೆ ಎತ್ತಿಕೊಂಡು ಇಬ್ಬರು ಬೈಕ್‌ನಲ್ಲಿ ಪರಾರಿಯಾದರು. ಸಿಬ್ಬಂದಿಯೊಬ್ಬರ ಜೀವ ಹೋಯ್ತು. ಮರುದಿನವೇ ಉಳ್ಳಾಲ ಸಮೀಪದ ಕೋಟೆಕಾರಿನ ಸಹಕಾರಿ ಬ್ಯಾಂಕಿಗೆ ಶಸ್ತ್ರಧಾರಿಗಳು ನುಗ್ಗಿ ಚಿನ್ನ, ನಗದು ದೋಚಿದರು. ಎರಡು ದಿನ, ಎರಡು ದರೋಡೆ. ದಿನದ ಕಲೆಕ್ಷನ್ ಚೀಲದಲ್ಲಿ ಹಾಕಿಕೊಂಡು ರಾತ್ರಿ ಮನೆಗೆ ಹೋಗುವ ವ್ಯಾಪಾರಿಗೆ ಇದು ಟಿವಿ ಸುದ್ದಿಯಷ್ಟೇ ಅಲ್ಲ.

ಅಲ್ಲಿಂದ ವಾದ ಎರಡು ಹೋಳಾಯ್ತು. ಒಂದು ಕಡೆ 'ವ್ಯಾಪಾರಸ್ಥರಿಗೆ ಲೈಸೆನ್ಸ್ ಸಲೀಸಾಗಿ ಕೊಡಿ' ಅನ್ನುವವರು. ಇನ್ನೊಂದು ಕಡೆ 'ಗನ್ ಹೆಚ್ಚಾದರೆ ಹೆಣ ಹೆಚ್ಚು, ಅಮೆರಿಕ ನೋಡಿ' ಅನ್ನುವವರು. ಎರಡೂ ಕಡೆಯವರ ಮೊಬೈಲ್‌ನಲ್ಲೂ ಅಂಕಿಅಂಶದ ಫಾರ್ವರ್ಡ್ ಇದೆ. ಅಂಕಿ ಬಹುತೇಕ ಸುಳ್ಳಲ್ಲ. ಆದರೆ ಅದು ಯಾವುದರ ಲೆಕ್ಕ, ಎಷ್ಟರಲ್ಲಿ ಎಷ್ಟು ಅನ್ನೋದನ್ನ ಕಿತ್ತು ಹಾಕಿ ಬರೀ ಸಂಖ್ಯೆಯನ್ನಷ್ಟೇ ಮುಂದೆ ತಳ್ಳಲಾಗುತ್ತೆ.

ಲೈಸೆನ್ಸ್ ಎಷ್ಟು, ಬಂದೂಕು ಎಷ್ಟು?

ಕೇಂದ್ರ ಗೃಹ ಸಚಿವಾಲಯದ ಲೆಕ್ಕದಂತೆ 2016ರ ಕೊನೆಗೆ ದೇಶದಲ್ಲಿ ಚಾಲ್ತಿಯಲ್ಲಿದ್ದ ಬಂದೂಕು ಲೈಸೆನ್ಸ್ ಸುಮಾರು 33.69 ಲಕ್ಷ. ಉತ್ತರ ಪ್ರದೇಶ 12.77 ಲಕ್ಷದೊಂದಿಗೆ ಮೊದಲು. ಜಮ್ಮು-ಕಾಶ್ಮೀರದಲ್ಲಿ 3.69 ಲಕ್ಷ. ಕರ್ನಾಟಕದಲ್ಲಿ ಸುಮಾರು 1.13 ಲಕ್ಷ. 'ಬಂದೂಕಿನ ರಾಜ್ಯ ಉತ್ತರ ಪ್ರದೇಶ' ಅನ್ನೋ ಸುದ್ದಿ ಹುಟ್ಟಿದ್ದು ಈ ಪಟ್ಟಿಯಿಂದಲೇ.

ಅದೇ ಸಂಖ್ಯೆಯನ್ನು 2011ರ ಜನಗಣತಿಯ ಜನಸಂಖ್ಯೆಗೆ ಭಾಗಿಸಿದರೆ ಚಿತ್ರ ಬದಲು. ಉತ್ತರ ಪ್ರದೇಶದಲ್ಲಿ ಸುಮಾರು 156 ಜನಕ್ಕೆ ಒಂದು ಲೈಸೆನ್ಸ್. ಜಮ್ಮು-ಕಾಶ್ಮೀರದಲ್ಲಿ 34 ಜನಕ್ಕೆ ಒಂದು. ಕರ್ನಾಟಕದಲ್ಲಿ 540 ಜನಕ್ಕೆ ಒಂದು. ಒಟ್ಟು ಸಂಖ್ಯೆಯಲ್ಲಿ ಮೊದಲಿದ್ದ ರಾಜ್ಯ ತಲಾ ಲೆಕ್ಕದಲ್ಲಿ ಬಹಳ ಹಿಂದೆ ಸರಿಯಿತು. ಎರಡೂ ಲೆಕ್ಕ ಸರಿ, ಆದರೆ ಅವು ಬೇರೆ ಬೇರೆ ಪ್ರಶ್ನೆಗೆ ಉತ್ತರ. ಹತ್ತು ಎಕರೆಯವನ ಭತ್ತದ ಚೀಲವನ್ನೂ ಎರಡು ಎಕರೆಯವನ ಚೀಲವನ್ನೂ ಎಣಿಸಿ 'ಯಾರ ಹೊಲ ಫಲವತ್ತು' ಅಂತ ಕೇಳಿದಂಗೆ. ಎಕರೆಗೆ ಎಷ್ಟು ಅಂತ ಕೇಳಬೇಕಲ್ಲ.

ಇದರಲ್ಲಿ ಇನ್ನೊಂದು ಗಂಟು ಇದೆ. ಲೈಸೆನ್ಸ್ ಅಂದ್ರೆ ಬಂದೂಕಲ್ಲ. 2019ರ ತಿದ್ದುಪಡಿಗೆ ಮುಂಚೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಈಗ ಎರಡು. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೇ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ ಭಾರತದ ನಾಗರಿಕರ ಬಳಿ 7.11 ಕೋಟಿ ಬಂದೂಕು ಇವೆ. ಅದರಲ್ಲಿ ನೋಂದಣಿ ಆದವು 97 ಲಕ್ಷ, ಆಗದವು 6.14 ಕೋಟಿ. 33.69 ಲಕ್ಷ ಲೈಸೆನ್ಸ್‌ನಲ್ಲಿ 97 ಲಕ್ಷ ಬಂದೂಕು ಇರಬೇಕು ಅಂದ್ರೆ ಹೆಚ್ಚುಕಡಿಮೆ ಪ್ರತಿಯೊಬ್ಬರ ಮನೆಯಲ್ಲೂ ಮೂರು ಮೂರು ಇರಬೇಕು. ಒಂದು ಹಳೇ ಜೋಡಿನಳಿಗೆ ಬಂದೂಕನ್ನ ಮೂರು ತಲೆಮಾರು ಕಾಪಾಡಿಕೊಂಡು ಬಂದ ಮನೆಗಳನ್ನು ನೋಡಿದವರಿಗೆ ಇದು ನಂಬೋದು ಕಷ್ಟ.

ಇನ್ನು ಆ 6.14 ಕೋಟಿ? ಕಳ್ಳ ಬಂದೂಕನ್ನು ಯಾರೂ ಮನೆಮನೆಗೆ ಹೋಗಿ ಎಣಿಸಿಲ್ಲ, ಎಣಿಸೋಕೆ ಆಗೋದೂ ಇಲ್ಲ. ಅದು ಅಂದಾಜು, ಸಂಸ್ಥೆಯೇ ಅದನ್ನು ಅಂದಾಜು ಅಂತಲೇ ಕರೆದಿದೆ. ಫಾರ್ವರ್ಡ್ ಆಗುವಾಗ ಮಾತ್ರ 'ಅಂದಾಜು' ಅನ್ನೋ ಶಬ್ದ ಮೊದಲು ಉದುರುತ್ತೆ.

'ಕೊಲೆಗಳೆಲ್ಲ ಕಳ್ಳ ಗನ್‌ನಿಂದಲೇ ಆಗೋದು'

ಲೈಸೆನ್ಸ್ ಬೇಕು ಅನ್ನುವವರ ಬಲವಾದ ಅಸ್ತ್ರ ಇದು, ತಳ್ಳಿಹಾಕುವಂಥದ್ದೂ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ, ಅಂದ್ರೆ ಎನ್‌ಸಿಆರ್‌ಬಿ, ಬಂದೂಕಿನಿಂದ ಆದ ಕೊಲೆಗಳನ್ನು ಲೈಸೆನ್ಸ್ ಇದ್ದದ್ದು, ಇಲ್ಲದ್ದು ಅಂತ ವಿಂಗಡಿಸಿ ಕೊಟ್ಟ ವರ್ಷಗಳಲ್ಲಿ ಬಹುಪಾಲು ಕೊಲೆ ಲೈಸೆನ್ಸ್ ಇಲ್ಲದ ಆಯುಧದಿಂದಲೇ ಆಗಿದ್ದವು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಬಲಿಯಾಗಿದ್ದೂ 7.65 ಎಂಎಂ ನಾಡ ಪಿಸ್ತೂಲಿಗೆ ಅಂತ ವಿಧಿವಿಜ್ಞಾನ ಪರೀಕ್ಷೆ ಹೇಳಿದೆ. ಭೀಮಾತೀರದ ನಾಡ ಪಿಸ್ತೂಲಿನ ಕಥೆಯಂತೂ ಈ ಭಾಗದವರಿಗೆ ಹೊಸದಲ್ಲ.

ಹಾಗಾದರೆ ಲೈಸೆನ್ಸ್ ಗನ್ ನಿರುಪದ್ರವಿ ಅಂತ ಆಯ್ತಾ? ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ಉದಾಹರಣೆಗಷ್ಟೇ, ಬಂದೂಕಿನಿಂದ 100 ಕೊಲೆ ಆದವು, 86 ಕಳ್ಳ ಗನ್‌ನಿಂದ, 14 ಲೈಸೆನ್ಸ್ ಗನ್‌ನಿಂದ ಅಂದುಕೊಳ್ಳಿ. ಕೇಳಿದ ತಕ್ಷಣ ಕಳ್ಳ ಗನ್ ಆರು ಪಟ್ಟು ಅಪಾಯ ಅನ್ನಿಸುತ್ತೆ. ಆದರೆ ಮೇಲಿನ ಅಂದಾಜಿನಲ್ಲಿ ಒಟ್ಟು ಬಂದೂಕಿನ ಶೇ 86ರಷ್ಟು ಕಳ್ಳ ಬಂದೂಕೇ! ಶೇ 86ರಷ್ಟು ಬಂದೂಕು, ಶೇ 86ರಷ್ಟು ಕೊಲೆ. ಅಂದ್ರೆ ಒಂದೊಂದು ಬಂದೂಕಿನ ಲೆಕ್ಕದಲ್ಲಿ ಎರಡೂ ಸಮ.

ಈಗ ಲೈಸೆನ್ಸ್ ಗನ್ 97 ಲಕ್ಷ ಅಲ್ಲ, ಲೈಸೆನ್ಸ್‌ನಷ್ಟೇ, ಸುಮಾರು 34 ಲಕ್ಷ ಅಂತ ಹಿಡಿದರೆ? ಅದೇ 100 ಕೊಲೆಯಲ್ಲಿ ಒಂದೊಂದು ಲೈಸೆನ್ಸ್ ಗನ್ ಕಳ್ಳ ಗನ್ನಿಗಿಂತ ಸುಮಾರು ಮೂರು ಪಟ್ಟು ಅಪಾಯ ಅಂತ ಬರುತ್ತೆ. ಇಲ್ಲ, ಲೈಸೆನ್ಸ್ ಗನ್ 97 ಲಕ್ಷವೇ, ಕಳ್ಳ ಗನ್ ಇರೋದು ಬರೀ 2 ಕೋಟಿ ಅಂತ ಹಿಡಿದರೆ? ಆಗ ಕಳ್ಳ ಗನ್ ಮೂರು ಪಟ್ಟು ಅಪಾಯ. ಕೊಲೆಯ ಸಂಖ್ಯೆ ಒಂದೂ ಬದಲಾಗಿಲ್ಲ. ಬದಲಾಗಿದ್ದು ಕೆಳಗಿನ ಭಾಜಕ ಮಾತ್ರ. ಅದೂ ಯಾರೂ ಎಣಿಸದ ಭಾಜಕ. 'ಕೊಲೆಯಲ್ಲಿ ಶೇ ಇಷ್ಟು ಕಳ್ಳ ಗನ್' ಅನ್ನೋ ಒಂದೇ ವಾಕ್ಯದಿಂದ ಲೈಸೆನ್ಸ್ ಸಡಿಲ ಮಾಡಬೇಕು ಅಂತಲೂ ತೀರ್ಮಾನ ಆಗಲ್ಲ, ಬಿಗಿ ಮಾಡಬೇಕು ಅಂತಲೂ ಆಗಲ್ಲ. ಪೊಲೀಸರು ನಾಡ ಪಿಸ್ತೂಲಿನ ಬೆನ್ನು ಹತ್ತಬೇಕು ಅನ್ನೋದಕ್ಕೆ ಮಾತ್ರ ಅದು ಸಾಕು.

ಆರ್ಮ್ಸ್ ಆಕ್ಟ್ ಕೇಸು ಅಂದ್ರೆ ಗನ್ ಕೇಸಲ್ಲ

'ಜಿಲ್ಲೆಯಲ್ಲಿ ಆರ್ಮ್ಸ್ ಆಕ್ಟ್ ಕೇಸು ಡಬಲ್' ಅನ್ನೋ ತಲೆಬರಹ ಕಂಡರೆ ಎರಡು ಸಂಗತಿ ನೆನಪಿರಲಿ.

1959ರ ಆಯುಧ ಕಾಯ್ದೆ ಬರೀ ಬಂದೂಕಿಗಲ್ಲ, ಹರಿತವಾದ ಆಯುಧಗಳಿಗೂ ಅನ್ವಯ. ತಲ್ವಾರ್‌ನಿಂದ ಬರ್ತ್‌ಡೇ ಕೇಕ್ ಕತ್ತರಿಸಿ ರೀಲ್ಸ್ ಬಿಟ್ಟ ಹುಡುಗರ ಮೇಲೂ ಇದೇ ಕಾಯ್ದೆಯಡಿ ಕೇಸು ಬೀಳುತ್ತೆ. ಆ ಕೇಸೂ, ನಾಡ ಪಿಸ್ತೂಲ್ ಸಿಕ್ಕ ಕೇಸೂ ಒಟ್ಟು ಲೆಕ್ಕದಲ್ಲಿ ಒಂದೇ ಸಾಲಿಗೆ ಸೇರುತ್ತವೆ.

ಎರಡನೆಯದು ಇನ್ನೂ ವಿಚಿತ್ರ. ಎನ್‌ಸಿಆರ್‌ಬಿ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ದರೆ ಅತ್ಯಂತ ಘೋರವಾದದ್ದನ್ನು ಮಾತ್ರ ಎಣಿಸುತ್ತೆ. ಪಿಸ್ತೂಲಿನಿಂದ ಕೊಲೆ ಆದರೆ ಅದು 'ಕೊಲೆ' ಕಾಲಂಗೆ ಹೋಗುತ್ತೆ, ಆರ್ಮ್ಸ್ ಆಕ್ಟ್ ಕಾಲಂಗೆ ಬರೋದಿಲ್ಲ. ಅಂದ್ರೆ ಆರ್ಮ್ಸ್ ಆಕ್ಟ್ ಪಟ್ಟಿಯಲ್ಲಿ ಉಳಿಯೋದು ಮುಖ್ಯವಾಗಿ ಗುಂಡು ಹಾರುವ ಮುಂಚೆಯೇ ಸಿಕ್ಕಿಬಿದ್ದವು. ಪೊಲೀಸರು ಹೆಚ್ಚು ಹುಡುಕಿದ ವರ್ಷ ಅದು ಏರುತ್ತೆ, ಕೈಕಟ್ಟಿ ಕೂತ ವರ್ಷ ಇಳಿಯುತ್ತೆ. ಇಳಿದದ್ದಕ್ಕೆ ಖುಷಿ ಪಡಬೇಕೋ ಚಿಂತೆ ಮಾಡಬೇಕೋ ಅನ್ನೋದು ಆ ಸಂಖ್ಯೆಯೊಂದರಿಂದಲೇ ಗೊತ್ತಾಗಲ್ಲ.

ಕೊಡಗಿನ ಉದಾಹರಣೆ ಎತ್ತುವ ಮುನ್ನ

'ಕೊಡಗಿನಾಗ ಮನಿಗೊಂದು ಕೋವಿ ಐತಿ, ಅಲ್ಲೇನು ದಿನಾ ಹೆಣ ಬೀಳ್ತಾವೇನು?' ಅನ್ನೋ ಪ್ರಶ್ನೆ ಇಲ್ಲಿಯ ಸಂತೆಯಲ್ಲೂ ಕೇಳಿಸುತ್ತೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇರೋದು ನಿಜ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ರಾಜ್ಯ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಪೂಜೆ ನಡೆಯುತ್ತೆ.

ಆದರೆ ಕೊಡಗನ್ನೂ ರಾಯಚೂರನ್ನೂ ತಕ್ಕಡಿಗೆ ಹಾಕುವಾಗ ಕಲ್ಲು ಸರಿ ಇರಬೇಕು. 2011ರಲ್ಲಿ ಕೊಡಗಿನ ಜನಸಂಖ್ಯೆ 5.54 ಲಕ್ಷ, ರಾಯಚೂರಿನದು 19.28 ಲಕ್ಷ. ಅಲ್ಲಿ ಒಂದು ಕೊಲೆ ಆದರೆ ಲಕ್ಷಕ್ಕೆ 0.18, ಇಲ್ಲಿ ಒಂದು ಆದರೆ 0.05. ಒಂದೇ ಘಟನೆ ಅಲ್ಲಿಯ ದರವನ್ನು ಇಲ್ಲಿಗಿಂತ ಮೂರೂವರೆ ಪಟ್ಟು ಎತ್ತುತ್ತೆ. ಒಂದು ವರ್ಷ ಒಂದು, ಮರುವರ್ಷ ಎರಡು ಆದರೆ 'ಶೇ 100 ಏರಿಕೆ' ಅಂತ ಬರೆಯಬಹುದು, ಲೆಕ್ಕ ತಪ್ಪಲ್ಲ, ಅರ್ಥ ಮಾತ್ರ ಶೂನ್ಯ. (2018ರಲ್ಲಿ 213 ಮತದಲ್ಲಿ ಶಾಸಕರನ್ನು ಆರಿಸಿದ ಮಸ್ಕಿಯವರಿಗೆ ಸಣ್ಣ ಸಂಖ್ಯೆಯ ತೂಕ ಗೊತ್ತು. ಅಲ್ಲಿ ಅದು ಫಲಿತಾಂಶ, ಇಲ್ಲಿ ಬರೀ ಏರಿಳಿತ.) ತಾಲ್ಲೂಕು ಮಟ್ಟಕ್ಕೆ ಇಳಿದರಂತೂ ಒಂದೆರಡು ವರ್ಷದ ಅಂಕಿ ಹಿಡಿದು ಏನೂ ಹೇಳೋಕೆ ಬರಲ್ಲ. ಹತ್ತು ವರ್ಷದ್ದಾದರೂ ಒಟ್ಟಿಗೆ ನೋಡಬೇಕು.

ಜೊತೆಗೆ, ಕೊಡಗಿನ ಕೋವಿ ಕಾಫಿ ತೋಟ, ಕಾಡುಹಂದಿ, ಸೈನ್ಯದ ಪರಂಪರೆ ಇವೆಲ್ಲದರ ನಡುವೆ ಇರೋದು. ಸಿಂಧನೂರಿನ ಗಂಜ್‌ನಲ್ಲಿ ನಗದು ಎಣಿಸುವವರ ಟೇಬಲ್ ಕೆಳಗಿನ ರಿವಾಲ್ವರ್‌ಗೂ ಅದಕ್ಕೂ ಹೋಲಿಕೆ ಕಮ್ಮಿ. ಇನ್ನೊಂದು: ವಿನಾಯಿತಿ ಇದ್ದವರಿಗೆ ಲೈಸೆನ್ಸ್ ಬೇಡ, ಹಂಗಾಗಿ 'ರಾಜ್ಯದಲ್ಲಿ ಇಷ್ಟು ಲೈಸೆನ್ಸ್' ಅನ್ನೋ ಲೆಕ್ಕದೊಳಗೆ ಆ ಕೋವಿಗಳನ್ನು ಹುಡುಕಿ ಪ್ರಯೋಜನ ಇಲ್ಲ.

ಕಾಲುವೆ ನೀರೋ, ಮಳೆಯೋ?

ಚುನಾವಣೆ ವಿಷಯಕ್ಕೆ ಬರೋಣ. 2024ರ ಮೇ 7ರಂದು ಸಿಂಧನೂರು, ಮಸ್ಕಿಯವರು ಕೊಪ್ಪಳ ಲೋಕಸಭೆಗೆ, ಲಿಂಗಸುಗೂರಿನವರು ರಾಯಚೂರು ಲೋಕಸಭೆಗೆ ಮತ ಹಾಕಿದರು. ಪ್ರತಿ ಚುನಾವಣೆ ಮುಗಿದ ಮೇಲೂ 'ಗನ್ ಜಮಾ ಮಾಡಿಸಿದ್ದಕ್ಕೇ ಶಾಂತಿಯುತ ಮತದಾನ' ಅನ್ನೋ ಮಾತು ಬರುತ್ತೆ. ಆದರೆ ಅದೇ ದಿನಗಳಲ್ಲಿ ಚೆಕ್‌ಪೋಸ್ಟ್ ಇತ್ತು, ಅರೆಸೇನಾ ಪಡೆ ಇತ್ತು, ಮದ್ಯ ಬಂದ್ ಇತ್ತು, ರೌಡಿಶೀಟರ್‌ಗಳಿಂದ ಬಾಂಡ್ ಬರೆಸಿಕೊಳ್ಳಲಾಗಿತ್ತು. ಎಡದಂಡೆ ಕಾಲುವೆಗೆ ನೀರು ಬಿಟ್ಟ ವಾರವೇ ಮಳೆಯೂ ಬಂದರೆ ಬೆಳೆ ಚೇತರಿಸಿದ್ದು ಯಾವುದರಿಂದ ಅಂತ ಹೇಳೋದು ಹೇಗೆ? ಕೊನೆ ಭಾಗದ ರೈತರಿಗೆ ಈ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತೆ.

ಅಂದ ಹಾಗೆ, ಎಲ್ಲರ ಗನ್ನನ್ನೂ ಕಣ್ಣುಮುಚ್ಚಿ ಜಮಾ ಮಾಡಿಸಿ ಅಂತ ಚುನಾವಣಾ ಆಯೋಗವೇನೂ ಹೇಳಿಲ್ಲ. ಜಿಲ್ಲಾಧಿಕಾರಿ, ಎಸ್‌ಪಿ ಇರುವ ಸ್ಕ್ರೀನಿಂಗ್ ಸಮಿತಿ ಒಂದೊಂದು ಲೈಸೆನ್ಸ್ ಪರಿಶೀಲಿಸಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ ಹೆಸರು ಬಂದವರ ಮೇಲೆ ಮುಖ್ಯ ಗಮನ. ವಾದ ಮಾಡುವವರಿಗೆ ಯಾವ ಅಂಕಿಗಿಂತಲೂ ಈ ನಿಯಮ ಹೆಚ್ಚು ಕೆಲಸಕ್ಕೆ ಬರುತ್ತೆ.

ಹೊರದೇಶದ ವಾದದಲ್ಲೂ ಇದೇ ಕಾಲುವೆ-ಮಳೆ ಜಗಳ. 1996ರ ಏಪ್ರಿಲ್ 28ರಂದು ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಗುಂಡಿಟ್ಟು ಕೊಂದ. ಸರ್ಕಾರ ಕಾನೂನು ಬಿಗಿ ಮಾಡಿ, ಹಣ ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ವಾಪಸ್ ಪಡೆಯಿತು. ಬಂದೂಕಿನ ಸಾವು ಕಡಿಮೆಯಾದವು. 'ನೋಡಿ, ಕಾನೂನಿನ ಫಲ' ಅಂತ ಒಂದು ಗುಂಪು. 'ಅದಕ್ಕೂ ಮುಂಚಿನಿಂದಲೇ ಇಳೀತಾ ಇತ್ತು' ಅಂತ ಇನ್ನೊಂದು ಗುಂಪು. ಎರಡನೇ ಗುಂಪು ಹೇಳುವುದೂ ನಿಜ. ಹಾಗಾಗಿ ಸರಿಯಾದ ಪ್ರಶ್ನೆ 'ಇಳಿಯಿತಾ' ಅಲ್ಲ, 'ಮುಂಚಿಗಿಂತ ಜೋರಾಗಿ ಇಳಿಯಿತಾ' ಅನ್ನೋದು. ಅದರ ಬಗ್ಗೆ ತಜ್ಞರು ಇವತ್ತಿಗೂ ಗುದ್ದಾಡುತ್ತಿದ್ದಾರೆ.

ಅಮೆರಿಕದ ಅಂಕಿಯಲ್ಲಿ ಬೇರೆ ಮೋಸ. 2021ರಲ್ಲಿ ಅಲ್ಲಿ ಬಂದೂಕಿನಿಂದ 48,830 ಜನ ಸತ್ತರು. ಫಾರ್ವರ್ಡ್ ಓದಿದವರು ಇಷ್ಟೂ ಕೊಲೆ ಅಂದುಕೊಳ್ಳುತ್ತಾರೆ. ಅದರಲ್ಲಿ ಕೊಲೆ 20,958. ಆತ್ಮಹತ್ಯೆ 26,328, ಅರ್ಧಕ್ಕಿಂತ ಹೆಚ್ಚು. ಗನ್ ಪರ ಇರುವವರು 'ಆತ್ಮಹತ್ಯೆ ಬಿಟ್ಟು ಲೆಕ್ಕ ಹಾಕಿ' ಅಂತಾರೆ. ಅದೂ ಪೂರ್ತಿ ಸರಿಯಲ್ಲ. ಆ ಕ್ಷಣದ ಸಂಕಟದಲ್ಲಿ ಕೈಗೆ ಏನು ಸಿಗುತ್ತೆ ಅನ್ನೋದರ ಮೇಲೆ ಜೀವ ಉಳಿಯೋದು ನಿಂತಿರುತ್ತೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿಯ ಆತ್ಮಹತ್ಯೆ ಪ್ರಮಾಣ ಗಣನೀಯವಾಗಿ ಇಳಿಯಿತು. ಹತ್ತಿ, ಭತ್ತ ಬೆಳೆಯುವ ಈ ತಾಲ್ಲೂಕುಗಳ ಮನೆಗಳಲ್ಲಿ ಬಂದೂಕಿಗಿಂತ ಔಷಧಿ ಡಬ್ಬಿಯೇ ಹತ್ತಿರ ಇರೋದು.

ಅಂಗಡಿಯವರ ಪ್ರಶ್ನೆ

ಉಳಿದದ್ದು ಮೂಲ ಪ್ರಶ್ನೆ: ಗಲ್ಲಾ ಪಕ್ಕ ಗನ್ ಇದ್ದರೆ ಅಂಗಡಿ ಸುರಕ್ಷಿತವೇ?

1993ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಬಂದೂಕು ಇರುವ ಮನೆಗಳಲ್ಲಿ ಕೊಲೆಯಾಗುವ ಸಾಧ್ಯತೆ 2.7 ಪಟ್ಟು ಅಂತ ಕಂಡಿತ್ತು. 'ಗನ್ ಬೇಡ' ಅನ್ನುವವರು ಈಗಲೂ ಇದನ್ನೇ ಎತ್ತುತ್ತಾರೆ. ಇದಕ್ಕೆ ಬಂದ ಆಕ್ಷೇಪಣೆ ಸರಳ: ಬೆದರಿಕೆ ಇದ್ದವರೇ ಗನ್ ತಗೊಂಡಿದ್ದರೆ? ಇಲ್ಲಿಯೂ ಆತ್ಮರಕ್ಷಣೆ ಲೈಸೆನ್ಸ್ ಕೇಳುವವರು ಜೀವಕ್ಕೆ ಅಪಾಯ ಇದೆ ಅಂತಲೇ ಅರ್ಜಿ ಹಾಕೋದು. ಅಂಥವರ ಮೇಲೆ ಹಲ್ಲೆ ಹೆಚ್ಚು ಆಗಿದ್ದರೆ ಅದು ಗನ್‌ನಿಂದ ಆಯ್ತೋ, ಮೊದಲೇ ಇದ್ದ ಅಪಾಯದಿಂದ ಆಯ್ತೋ? ಆಸ್ಪತ್ರೆಗೆ ಹೋದವರಲ್ಲಿ ಸಾಯುವವರು ಹೆಚ್ಚು, ಹಂಗಂತ ಆಸ್ಪತ್ರೆಗೆ ಹೋಗಬೇಡಿ ಅನ್ನೋಕಾಗುತ್ತಾ?

ಎದುರು ಪಕ್ಷದ ಅಂಕಿಯೂ ಇಷ್ಟೇ ಸಡಿಲ. 'ಹೆಚ್ಚು ಗನ್, ಕಡಿಮೆ ಅಪರಾಧ' ಅಂತ ಜಾನ್ ಲಾಟ್ 1998ರಲ್ಲಿ ಪುಸ್ತಕ ಬರೆದರು, ಬಹಳ ಚರ್ಚೆಯಾಯಿತು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ ಅದೇ ದತ್ತಾಂಶ ಪರಿಶೀಲಿಸಿ, ಅಂಥ ತೀರ್ಮಾನಕ್ಕೆ ಸಾಕಷ್ಟು ಆಧಾರ ಇಲ್ಲ ಅಂದಿತು. ಗನ್ ತೋರಿಸಿ ಕಳ್ಳನನ್ನು ಓಡಿಸಿದ ಘಟನೆ ಎಷ್ಟೋ ಸಲ ಎಫ್‌ಐಆರ್ ಆಗೋದಿಲ್ಲ, ಲೆಕ್ಕಕ್ಕೆ ಸಿಗಲ್ಲ. ಮಗುವಿನ ಕೈಗೆ ಸಿಕ್ಕು ಸಿಡಿದದ್ದು ಲೆಕ್ಕಕ್ಕೆ ಸಿಗುತ್ತೆ. ಈ ಅಸಮತೋಲನ ಗನ್ ಪರ ಇರುವವರ ನ್ಯಾಯವಾದ ದೂರು.

ಬೀದರ್ ಘಟನೆಯನ್ನು ಎರಡೂ ಕಡೆಯವರು ಎಳೆದಾಡುತ್ತಾರೆ. ಖಾರದಪುಡಿ ಕಣ್ಣಿಗೆ ಬಿದ್ದು, ಎದುರಿನವನ ಪಿಸ್ತೂಲ್ ಆಗಲೇ ಕೈಯಲ್ಲಿ ಇದ್ದಾಗ ಸೊಂಟದ ಗನ್ ಎಷ್ಟು ಕೆಲಸಕ್ಕೆ ಬಂದೀತು ಅನ್ನೋದು ಅಂಕಿಅಂಶದ ಪ್ರಶ್ನೆಯೇ ಅಲ್ಲ. ನಗದು ಸಾಗಿಸುವ ಸಮಯ ಬದಲಿಸುವುದು, ಒಬ್ಬರೇ ಹೋಗದಿರುವುದು, ದೊಡ್ಡ ಮೊತ್ತವನ್ನು ಆನ್‌ಲೈನ್‌ನಲ್ಲೇ ಚುಕ್ತಾ ಮಾಡುವುದು ಇವುಗಳ ಬಗ್ಗೆ ಗನ್‌ನಷ್ಟು ಜೋರು ಚರ್ಚೆ ಯಾಕೋ ಆಗೋದಿಲ್ಲ.

ತಾಲ್ಲೂಕಿನ ಲೆಕ್ಕ ಎಲ್ಲಿದೆ?

ಲೈಸೆನ್ಸ್ ಕೊಡುವ ಪ್ರಾಧಿಕಾರ ಜಿಲ್ಲಾಧಿಕಾರಿ. ಪೊಲೀಸ್ ವರದಿ ತರಿಸಿಕೊಂಡೇ ನಿರ್ಧಾರ ಆಗಬೇಕು. 2016ರ ಆಯುಧ ನಿಯಮಗಳಂತೆ ಪೊಲೀಸರು 30 ದಿನದೊಳಗೆ ವರದಿ ಕೊಡಬೇಕು, ವರದಿ ಬಂದ 60 ದಿನದೊಳಗೆ ತೀರ್ಮಾನ ಆಗಬೇಕು. ಬೆಳೆ ರಕ್ಷಣೆಗೆ ಕೊಡುವ ಲೈಸೆನ್ಸ್ ಬೇರೆ, ಆತ್ಮರಕ್ಷಣೆಗೆ ಕೊಡುವುದು ಬೇರೆ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ.

ಮೂರೂ ತಾಲ್ಲೂಕಿನ ಸಂಖ್ಯೆ ಬೇಕಾದವರು ಜಿಲ್ಲಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತೆ. ಬಿಪಿಎಲ್ ಕುಟುಂಬಕ್ಕೆ ಶುಲ್ಕ ಇಲ್ಲ. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಲೈಸೆನ್ಸ್‌ದಾರರ ಹೆಸರು, ವಿಳಾಸ ಕೇಳಿದರೆ ಖಾಸಗಿ ಮಾಹಿತಿ ಅಂತ ತಿರಸ್ಕರಿಸಬಹುದು, ಆದ್ದರಿಂದ ಸಂಖ್ಯೆ ಮಾತ್ರ ಕೇಳುವುದು ಜಾಣತನ: ತಾಲ್ಲೂಕುವಾರು ಚಾಲ್ತಿ ಲೈಸೆನ್ಸ್ ಎಷ್ಟು, ಅವುಗಳ ಮೇಲಿರುವ ಬಂದೂಕು ಎಷ್ಟು, ಆತ್ಮರಕ್ಷಣೆಗೆ ಎಷ್ಟು, ಬೆಳೆ ರಕ್ಷಣೆಗೆ ಎಷ್ಟು, ಹಿಂದಿನ ಚುನಾವಣೆಯಲ್ಲಿ ಜಮಾ ಆದವು ಎಷ್ಟು, ಸ್ಕ್ರೀನಿಂಗ್ ಸಮಿತಿ ಬಿಟ್ಟವು ಎಷ್ಟು. ಹತ್ತು ವರ್ಷದಲ್ಲಿ ಲೈಸೆನ್ಸ್ ಗನ್ ಬಳಕೆಯಾದ ಕೇಸುಗಳು, ನಾಡ ಪಿಸ್ತೂಲ್ ಸಿಕ್ಕ ಕೇಸುಗಳು ಎಷ್ಟು ಅನ್ನೋದಕ್ಕೆ ಎಸ್‌ಪಿ ಕಚೇರಿಗೆ ಬೇರೆ ಅರ್ಜಿ. ತಲ್ವಾರ್ ಕೇಸುಗಳನ್ನು ಬಿಟ್ಟು ಕೊಡಿ ಅಂತ ಅದರಲ್ಲಿ ಬರೆಯೋದು ಮರೆಯಬಾರದು. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು.